ಬೋರ್ ಗಾಡಿಯ ನಾಲ್ಕು ಜಾಕ್: ಗಾಡಿ ಮಟ್ಟ ತಪ್ಪಿದರೆ ಬೋರು ಸೊಟ್ಟ

ಜಹೀರಾಬಾದ್: ಬೇಸಿಗೆ ಕಾಲಿಟ್ಟಿತೆಂದರೆ ನಮ್ಮ ಗಡಿ ಭಾಗದ ಹೊಲಗಳಲ್ಲಿ ಬೋರ್ ಗಾಡಿಗಳ ಸದ್ದು ಶುರುವಾಗುತ್ತದೆ. ಗಾಡಿ ಹೊಲಕ್ಕೆ ಬಂದ ಕೂಡಲೇ ಮನೆಮಂದಿಯೆಲ್ಲ ಸುತ್ತ ನೆರೆಯುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಆಮೇಲೆ ಎಲ್ಲರ ಕಣ್ಣೂ ಬೋರಿನ ಬಾಯಿಯ ಮೇಲೆಯೇ. ಎಷ್ಟು ರಾಡು ಇಳಿಯಿತು, ಎಷ್ಟು ಫೀಟಿಗೆ ಕಲ್ಲು ಸಿಕ್ಕಿತು, ಪುಡಿಯ ಬಣ್ಣ ಬದಲಾಯಿತೇ, ಹಸಿ ಬಂತೇ... ಈ ಲೆಕ್ಕವನ್ನು ಓದು ಬರಹ ಬಾರದ ಮುದುಕರೂ ಬಾಯಿಪಾಠ ಇಟ್ಟುಕೊಳ್ಳುತ್ತಾರೆ. ಆದರೆ ಅಷ್ಟು ಭಾರದ ಗಾಡಿಯನ್ನು ಹೊತ್ತು ನಿಂತ ನಾಲ್ಕು ಕಬ್ಬಿಣದ ಕಾಲುಗಳ ಕಡೆ ನೋಡುವವರು ಕಡಿಮೆ. ಅವೇ ಹೈಡ್ರಾಲಿಕ್ ಜಾಕ್‌ಗಳು. ಬೋರು ನೆಟ್ಟಗೆ ಇಳಿಯುವುದೂ ಸೊಟ್ಟಾಗುವುದೂ ಬಹುಮಟ್ಟಿಗೆ ಅವುಗಳ ಮೇಲೆ ನಿಂತಿದೆ.

ಅಮೆರಿಕ, ಯುರೋಪಿನಲ್ಲಿ ಮನೆಯನ್ನೇ ಲಾರಿಯ ಮೇಲೆ ಕಟ್ಟಿಕೊಂಡು ಊರೂರು ತಿರುಗುವ ಗಾಡಿಗಳಿವೆ. ಒಳಗೆ ಮಂಚ, ಒಲೆ, ಸ್ನಾನದ ಕೋಣೆ ಎಲ್ಲ ಇರುತ್ತವೆ. ಅವು ನಿಂತಲ್ಲಿ ಅಲುಗಾಡದಿರಲೆಂದು ಇದೇ ರೀತಿಯ ಜಾಕ್ ಇಳಿಸುತ್ತಾರೆ. ಅಲ್ಲಿ ಮಟ್ಟ ತಪ್ಪಿದರೆ ಚಹಾದ ಕಪ್ಪು ಜಾರಬಹುದು, ರಾತ್ರಿ ನಿದ್ದೆ ಕೆಡಬಹುದು. ನಮ್ಮಲ್ಲಿ ಮಟ್ಟ ತಪ್ಪಿದರೆ ರೈತನ ಸಾಲದ ಹಣ ನೆಲದೊಳಗೆ ಹೋಗುತ್ತದೆ. ಆದ್ದರಿಂದ ಈ ಲೇಖನ ಬೋರ್ ಹಾಕಿಸುವ ರೈತರಿಗೂ, ಗಾಡಿಯ ಮೇಲೆ ಹೆಲ್ಪರ್ ಆಗಿ ದುಡಿಯುವ ನಮ್ಮ ಹಳ್ಳಿಯ ಹುಡುಗರಿಗೂ.

ಎಣ್ಣೆಯ ಬಲ

ಮುಚ್ಚಿದ ಪಾತ್ರೆಯಲ್ಲಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಹೇಳಿದ ಮಾತಿದು, ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ್ದೇವೆ. ಅದನ್ನು ಯಂತ್ರಕ್ಕೆ ಇಳಿಸಿ 1795ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಬೋರ್ ಗಾಡಿಯಲ್ಲಿ ಇಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಟ್ಯಾಂಕಿನ ಆಯಿಲ್ಲನ್ನು ಎಳೆದು ಹೋಸ್ ಪೈಪಿನ ಮೂಲಕ ಜಾಕಿನ ಸಿಲಿಂಡರಿಗೆ ನುಗ್ಗಿಸುತ್ತದೆ. ಆಪರೇಟರ್ ಲಿವರ್ ಒತ್ತಿದ ಕಡೆ ಕಾಲು ಇಳಿಯುತ್ತದೆ.

ಬಲದ ಲೆಕ್ಕ ಹೀಗೆ. ಸಿಲಿಂಡರಿನ ಒಳ ಅಗಲ 10 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ 78 ಚದರ ಸೆಂಟಿಮೀಟರಿಗೆ ತುಸು ಹೆಚ್ಚು. ಆಯಿಲ್ ಒತ್ತಡ ಚದರ ಸೆಂಟಿಮೀಟರಿಗೆ 100 ಕೆಜಿ ಇದ್ದರೆ ಆ ಒಂದೇ ಜಾಕ್ ಏಳೂವರೆ ಟನ್ನಿಗೂ ಹೆಚ್ಚು ಭಾರ ಎತ್ತಬಲ್ಲದು. ಹೀಗಾಗಿ ಎತ್ತುವ ಶಕ್ತಿಯ ಕೊರತೆಯಿಂದ ಗಾಡಿ ವಾಲುವುದು ಅಪರೂಪ. ಕೆಡುವುದು ಸಾಮಾನ್ಯವಾಗಿ ಎರಡೇ ಕಡೆ: ಜಾಕಿನ ಕೆಳಗಿನ ನೆಲ ಕುಸಿಯುತ್ತದೆ, ಇಲ್ಲವೇ ಒಳಗಿನ ಆಯಿಲ್ ಸೋರಿ ಕಾಲು ನಿಧಾನಕ್ಕೆ ಹಿಂದೆ ಸರಿಯುತ್ತದೆ.

ಆಯಿಲ್ ಹಿಂದೆ ಸರಿಯದಂತೆ ತಡೆಯಲು ಸಿಲಿಂಡರಿನ ಮೈಮೇಲೆಯೇ ಒಂದು ಲಾಕ್ ವಾಲ್ವ್ ಕೂರಿಸಿರುತ್ತಾರೆ. ಹೋಸ್ ಒಡೆದರೂ ಗಾಡಿ ದಡಕ್ಕನೆ ಕೂರದಂತೆ ಕಾಯುವುದು ಅದೇ. ಹಳೆಯ ಗಾಡಿಗಳಲ್ಲಿ ರಿಪೇರಿ ಮಾಡುವಾಗ ಅದನ್ನು ತೆಗೆದು ಹಾಕಿ ನೇರ ಪೈಪು ಜೋಡಿಸಿದ್ದನ್ನು ನಾನು ನೋಡಿದ್ದೇನೆ. ಅಂಥ ಗಾಡಿ ನಮ್ಮ ಹೊಲಕ್ಕೆ ಬೇಡ.

ಎಂಟು ಮಿಲಿಮೀಟರ್

ಬೋರು ಎಷ್ಟು ನೆಟ್ಟಗಿರಬೇಕು? ಭಾರತೀಯ ಮಾನಕ ಬ್ಯೂರೋದ ಐಎಸ್ 2800 ಪ್ರಕಾರ ಕೊಳವೆ ಬಾವಿ 30 ಮೀಟರಿಗೆ 10 ಸೆಂಟಿಮೀಟರಿಗಿಂತ ಹೆಚ್ಚು ವಾಲಬಾರದು. ವಾಲಿದರೂ ಒಂದೇ ದಿಕ್ಕಿಗೆ ವಾಲಿರಬೇಕು. ಅಂದರೆ ಮುನ್ನೂರರಲ್ಲಿ ಒಂದು ಪಾಲು. ಇದನ್ನು ಜಾಕಿಗೆ ಹಚ್ಚಿ ನೋಡಿ. ಎಡ ಬಲದ ಎರಡು ಜಾಕ್‌ಗಳ ನಡುವೆ 2.4 ಮೀಟರ್ ಅಂತರವಿದ್ದರೆ ಅದರ ಮುನ್ನೂರನೇ ಪಾಲು ಎಂಟೇ ಮಿಲಿಮೀಟರ್! ಒಂದು ಜಾಕ್ ಕಿರುಬೆರಳಿನ ಅಗಲದಷ್ಟು ಕುಸಿದರೂ ಗಾಡಿಯ ಕಂಬ ಆ ಅಳತೆಯನ್ನು ದಾಟುತ್ತದೆ. ಒಂದು ಇಂಚು ಕುಸಿದರೆ 300 ಅಡಿಯ ಆಳದಲ್ಲಿ ಬೋರಿನ ತಳ ಮೂರು ಅಡಿ ಆಚೆ ಹೋಗಿರುತ್ತದೆ.

ಸೊಟ್ಟಾದರೇನು, ನೀರು ಬಂದರೆ ಸಾಕಲ್ಲ ಎನ್ನುವವರಿದ್ದಾರೆ. ಆರೂವರೆ ಇಂಚಿನ ಬೋರಿಗೆ ಆರಿಂಚಿನ ಸಬ್‌ಮರ್ಸಿಬಲ್ ಇಳಿಸಿದರೆ ಸುತ್ತಲೂ ಉಳಿಯುವ ಸಂದು ಒಂದು ಸೆಂಟಿಮೀಟರಿನ ಆಸುಪಾಸು. ಪಂಪು ಮೋಟಾರು ಎರಡೂ ಸೇರಿ ಆಳೆತ್ತರದ ಗಟ್ಟಿ ಕಂಬ, ಅದು ಬಾಗುವುದಿಲ್ಲ. ಒಂದೇ ಓರೆಯಲ್ಲಿ ಇಳಿದ ಬೋರಿನಲ್ಲಿ ಅದು ಹೇಗೋ ಜಾರಿಕೊಂಡು ಹೋಗಬಹುದು, ಕೇಬಲ್ ಉಜ್ಜಿ ಬೇಗ ಹಾಳಾಗುತ್ತದೆ ಅಷ್ಟೇ. ಆದರೆ ನಡುವೆ ಒಂದು ಬಾಗು ಬಿದ್ದರೆ ಅಲ್ಲಿ ಮೋಟಾರು ಕಚ್ಚಿಕೊಳ್ಳುತ್ತದೆ.

ಇದು ನಮ್ಮ ಮನೆಯಲ್ಲೇ ಆಯಿತು. ನಮ್ಮ ಅಣ್ಣನ ಹೊಲ ನಾರಾಯಣಖೇಡ ಕಡೆಯ ಎರಿಭೂಮಿ. ಮುಂಗಾರಿನ ಮೊದಲ ಮಳೆ ಬಿದ್ದು ಎರಡು ದಿನವಾಗಿತ್ತು. ಗಾಡಿಯವರು ರಾತ್ರಿ ಬಂದು ಬರಿ ಮಣ್ಣಿನ ಮೇಲೆಯೇ ಜಾಕ್ ಊರಿದರು. ನಡುರಾತ್ರಿ 140 ಫೀಟಿಗೆ ನೀರು ಚಿಮ್ಮಿತು. ಎಲ್ಲರೂ ಕುಣಿದಾಡಿದೆವು. ಆ ನೀರೇ ಹಿಂದಿನ ಬಲಗಡೆ ಜಾಕಿನ ಬುಡಕ್ಕೆ ಹರಿದು ಜಾಕ್ ಗೇಣುದ್ದ ಹೂತುಕೊಂಡಿತು. "ಇದು ಒಂದ್ ಕಡಿ ಇಳದಂಗ ಕಾಣ್ತದಲ್ರೀ" ಎಂದು ಅಣ್ಣ ಕೇಳಿದರೆ ಆಪರೇಟರ್, "ಕುಛ್ ನಹೀ ಹೋತಾ ಪಟೇಲ್" ಎಂದು ಲಿವರ್ ಒತ್ತಿ, ರಾಡು ಒಳಗಿರುವಾಗಲೇ ಗಾಡಿಯನ್ನು ಮೇಲೆತ್ತಿ ಮಟ್ಟ ಮಾಡಿ ಮುಂದುವರಿಸಿದ. ಗಾಡಿ ನೆಟ್ಟಗಾಯಿತು. ಆದರೆ ಅಷ್ಟರವರೆಗೆ ಓರೆಯಾಗಿ ಕೊರೆದ ತೂತು ನೆಟ್ಟಗಾಗುವುದು ಹೇಗೆ? 320 ಫೀಟು ಇಳಿಸಿದರು, ಫೀಟಿನ ಲೆಕ್ಕದಲ್ಲಿ ಹಣ ಎಣಿಸಿಕೊಂಡು ಹೋದರು. ವಾರದ ಮೇಲೆ ಇಳಿಸಿದ ಮೋಟಾರು 150 ಫೀಟಿನ ಹತ್ತಿರ ಸಿಕ್ಕಿಹಾಕಿಕೊಂಡಿತು. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ನೀರಿದ್ದ ಬೋರು ಮೋಟಾರಿನ ಸಮೇತ ಹೋಯಿತು. ಎರಡನೇ ಬೋರಿಗೆ ಮಾಡಿದ ಸಾಲ ತೀರಲು ಮೂರು ವರ್ಷ ಹಿಡಿಯಿತು.

ಮೂರು ಊರು, ಮೂರು ನೆಲ

1956ಕ್ಕೆ ಮುಂಚೆ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಈಗ ಮೊದಲೆರಡು ಸಂಗಾರೆಡ್ಡಿ ಜಿಲ್ಲೆ, ತಾಂಡೂರು ವಿಕಾರಾಬಾದ್ ಜಿಲ್ಲೆ. ಗಡಿ ಹೇಗೇ ಎಳೆದರೂ ನೆಲ ಅದೇ. ಆದರೆ ಈ ಮೂರೂ ಕಡೆ ನೆಲದ ಸ್ವಭಾವ ಬೇರೆ, ಜಾಕ್ ಊರುವ ರೀತಿಯೂ ಬೇರೆ ಆಗಬೇಕು.

ಎಲ್ಲಕ್ಕಿಂತ ಮೋಸದ್ದು ಎರಿಭೂಮಿ. ಆರು ಟನ್ ಭಾರ ಹೊತ್ತ ಜಾಕಿನ ಪಾದ 25 ಸೆಂಟಿಮೀಟರ್ ಚೌಕವಿದ್ದರೆ ಚದರ ಸೆಂಟಿಮೀಟರಿಗೆ ಒಂಬತ್ತೂವರೆ ಕೆಜಿ ಒತ್ತಡ ಬೀಳುತ್ತದೆ. ಒಣ ಎರಿಮಣ್ಣಿಗೇ ಕಟ್ಟಡದ ಇಂಜಿನಿಯರುಗಳು ಚದರ ಸೆಂಟಿಮೀಟರಿಗೆ ಸುಮಾರು ಒಂದೂವರೆ ಕೆಜಿ ಮಾತ್ರ ಲೆಕ್ಕ ಹಿಡಿಯುತ್ತಾರೆ. ಹಸಿಯಾದರೆ ಅಷ್ಟೂ ಇಲ್ಲ. ಅದೇ ಜಾಕಿನ ಕೆಳಗೆ 60 ಸೆಂಟಿಮೀಟರ್ ಚೌಕದ ದಪ್ಪ ಕಟ್ಟಿಗೆಯ ಹಾಸು ಇಟ್ಟರೆ ಒತ್ತಡ ಒಂದೂಮುಕ್ಕಾಲು ಕೆಜಿಯೊಳಗೆ ಇಳಿಯುತ್ತದೆ. 90 ಸೆಂಟಿಮೀಟರ್ ಚೌಕ ಮಾಡಿದರೆ ಮುಕ್ಕಾಲು ಕೆಜಿ. ಹಳೆಯ ರೈಲ್ವೆ ಸ್ಲೀಪರ್ ತುಂಡುಗಳು ಇದಕ್ಕೆ ಒಳ್ಳೆಯವು. ನಾಲ್ಕು ತುಂಡನ್ನು ಒತ್ತೊತ್ತಾಗಿ ಹಾಸಿ, ಅವುಗಳ ಮೇಲೆ ನಾಲ್ಕನ್ನು ಅಡ್ಡ ಹಾಸಿ, ಮೇಲೆ ದಪ್ಪ ಕಬ್ಬಿಣದ ಪ್ಲೇಟು ಇಟ್ಟು ನಡುವಿಗೆ ಜಾಕ್ ಊರಬೇಕು. ಹಾಸುವ ಮುಂಚೆ ಮೇಲಿನ ಸಡಿಲು ಮಣ್ಣನ್ನೂ ತೊಗರಿ ಕೊಯ್ದ ಕೂಳೆಯನ್ನೂ ಸಲಿಕೆಯಿಂದ ತೆಗೆದು ನೆಲ ಸಮ ಮಾಡಬೇಕು. ಬಿರುಕು ಬಿಟ್ಟ ಜಾಗ ಬಿಟ್ಟುಬಿಡುವುದೇ ವಾಸಿ.

ಜಹೀರಾಬಾದ್ ಸುತ್ತಿನ ಕೆಂಪು ಜಂಬಿಟ್ಟಿಗೆ ನೆಲ ಗಟ್ಟಿ. ಇಲ್ಲಿ ಜಾಕ್ ಹೂಳುವುದು ಕಡಿಮೆ. ಆದರೆ ಮೇಲುಗಡೆ ಗಟ್ಟಿ ಪದರವಿದ್ದು ಒಳಗೆ ಮೆತ್ತನೆ ಮಣ್ಣು ಇರುವ ಜಾಗಗಳಿವೆ. ಹಾರೆಯಿಂದ ಕುಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಇಳಿಜಾರು ಹೊಲಗಳೂ ಹೆಚ್ಚು, ಅದರ ಮಾತು ಮುಂದೆ ಬರುತ್ತದೆ.

ತಾಂಡೂರಿನಲ್ಲಿ ನೆಲದ ಕೆಳಗೆ ಫರಸಿ ಕಲ್ಲು ಪದರ ಪದರವಾಗಿ ಕೂತಿದೆ. ಅಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಹಳೆ ಖಣಿಯ ಗುಂಡಿಯನ್ನು ಕಲ್ಲುಚೂರಿನಿಂದ ತುಂಬಿಸಿದ ಜಾಗದಲ್ಲಿ ಗಾಡಿ ನಿಲ್ಲಿಸುವುದು. ಹ್ಯಾಮರಿನ ಅದುರಿಗೆ ಆ ಚೂರು ಗಂಟೆಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಇನ್ನೊಂದು, ಕೈಗೆ ಸಿಕ್ಕಿತೆಂದು ಜಾಕಿನ ಕೆಳಗೆ ಫರಸಿ ಇಡುವುದು. ಫರಸಿ ನೆಲಕ್ಕೆ ಹಾಸಲು ಚಂದ, ಆದರೆ ಅದಕ್ಕೆ ಬಾಗುವ ಗುಣವಿಲ್ಲ. ಕೆಳಗೆ ಒಂದು ಚೂರು ಟೊಳ್ಳಿದ್ದರೂ ಪಟಕ್ಕನೆ ಒಡೆದು ಜಾಕ್ ಒಂದೇಟಿಗೆ ಕೆಳಗೆ ಬೀಳುತ್ತದೆ. ಕಟ್ಟಿಗೆಯಾದರೆ ಒಡೆಯುವ ಮುಂಚೆ ಕಿರುಗುಟ್ಟಿ ಹೇಳುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳಿಗೂ ಇದೇ ಮಾತು.

ಗಾಡಿ ನಿಲ್ಲಿಸುವಾಗ

ಮೊದಲು ತಲೆ ಎತ್ತಿ ಕರೆಂಟಿನ ತಂತಿ ನೋಡಬೇಕು. 20 ಅಡಿಯ ರಾಡು ಹಿಡಿಯುವ ಕಂಬ ಅದಕ್ಕಿಂತ ಎತ್ತರವಿರುತ್ತದೆ. ತಂತಿಯ ಕೆಳಗೆ ಪಾಯಿಂಟ್ ಬಂದಿದ್ದರೆ ಪಾಯಿಂಟನ್ನೇ ಸರಿಸಬೇಕು, ಬೇರೆ ದಾರಿಯಿಲ್ಲ. ಗಾಡಿ ವಾಲಿದರೆ ಕಂಬದ ತುದಿ ಪಕ್ಕಕ್ಕೆ ಎಷ್ಟು ದೂರ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಳಿಜಾರಿದ್ದರೆ ಒಂದು ಮಾತು ನೆನಪಿರಲಿ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಡಿಯುವುದು ಹಿಂದಿನ ಗಾಲಿಗಳನ್ನು. ಹಿಂದಿನ ಜಾಕನ್ನು ಮೊದಲು ಎತ್ತಿ ಆ ಗಾಲಿಗಳು ನೆಲ ಬಿಟ್ಟರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ. ಗಾಡಿ ಮುಂದಿನ ಗಾಲಿಗಳ ಮೇಲೆ ಉರುಳಬಹುದು. ಆದ್ದರಿಂದ ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಟ್ಟಿಗೆಯ ಒಟ್ಟು ಕೊಟ್ಟ ಮೇಲೆಯೇ ಲಿವರಿಗೆ ಕೈ ಹಾಕಬೇಕು. ನಾಲ್ಕೂ ಜಾಕ್ ನೆಲ ಮುಟ್ಟುವವರೆಗೆ ಇಳಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಭಾರ ಹಂಚಬೇಕು. ಒಂದನ್ನೇ ಪೂರ್ತಿ ಎತ್ತಿ ಇನ್ನೊಂದಕ್ಕೆ ಹೋದರೆ ಗಾಡಿಯ ಚಾಸಿ ತಿರುಚುತ್ತದೆ. ಕೆಳಗಿನ ಬದಿಯ ಜಾಕ್ ತುಂಬಾ ಉದ್ದ ಇಳಿಯಬೇಕಾಗಿ ಬಂದರೆ ಹಾಸನ್ನೇ ಎತ್ತರಿಸಿ. ಹೆಚ್ಚು ಹೊರಚಾಚಿದ ಕಾಲು ಹೆಚ್ಚು ಅಲ್ಲಾಡುತ್ತದೆ.

ಕಂಬ ಎತ್ತುವುದು ಇದೆಲ್ಲ ಆದ ಮೇಲೆ. ಕಂಬ ಎತ್ತಿದ ಗಾಡಿಯನ್ನು ನಾಲ್ಕು ಹೆಜ್ಜೆ ಆಚೆ ಸರಿಸುತ್ತೇವೆ ಎನ್ನುವವರಿಗೆ ಗಟ್ಟಿಯಾಗಿ ಬೇಡ ಅನ್ನಿ. ಕಂಬ ನಿಂತ ಮೇಲೆ ರಸಮಟ್ಟ ಹಿಡಿಯಬೇಕು. ನಮ್ಮ ತೆಲುಗು ನೆರೆಹೊರೆಯವರು ರಸಮಟ್ಟಂ ಎನ್ನುವುದೂ ಇದನ್ನೇ. ಒಂದು ಬದಿಗೆ ಹಿಡಿದು ನೋಡಿದರೆ ಸಾಲದು, ಅದಕ್ಕೆ ಅಡ್ಡಲಾಗಿ ಇನ್ನೊಂದು ಬದಿಗೂ ಹಿಡಿಯಬೇಕು. ಗಾಡಿಯಲ್ಲಿ ಇಲ್ಲದಿದ್ದರೆ ಊರಿನ ಗೌಂಡಿಯ ಹತ್ತಿರ ಕೇಳಿ ತನ್ನಿ, ಅಥವಾ ಅವರ ತೂಗುಗುಂಡನ್ನೇ ಕಂಬದ ಪಕ್ಕ ಇಳಿಬಿಡಿ. ಲಕ್ಷದ ಲೆಕ್ಕದ ಕೆಲಸಕ್ಕೆ ಒಂದು ರಸಮಟ್ಟ ತರಲು ಯಾಕೆ ನಾಚಿಕೆಯೋ ತಿಳಿಯದು! ಗೋಡೆ ಕಟ್ಟುವಾಗ ಪ್ರತಿ ವರಸೆಗೂ ಇಟ್ಟು ನೋಡುವ ನಾವೇ ಇಲ್ಲಿ ಕಣ್ಣಳತೆಗೆ ಬಿಟ್ಟುಬಿಡುತ್ತೇವೆ.

ಕೊರೆಯುವಾಗ ಜಾಕ್ ಹಿಂದೆ ಸರಿಯುವ ಹೊತ್ತು ಮೂರು. ಮೊದಲನೆಯದು ಕೇಸಿಂಗ್ ಇಳಿಸಿದ ಮೇಲೆ, ಹ್ಯಾಮರ್ ಗಟ್ಟಿ ಕಲ್ಲಿಗೆ ತಾಗಿ ಅದುರು ಹೆಚ್ಚಾದಾಗ. ಎರಡನೆಯದು ರಾಡು ಸಿಕ್ಕಿಕೊಂಡಾಗ. ರಾಡನ್ನು ಮೇಲೆಳೆಯುವ ಬಲವೆಲ್ಲ ಹಿಂದಿನ ಎರಡು ಜಾಕ್‌ಗಳ ಮೂಲಕವೇ ನೆಲಕ್ಕೆ ಹೋಗುವುದರಿಂದ ಅವು ಹೂತುಕೊಳ್ಳುತ್ತವೆ. ಮೂರನೆಯದು, ನಮ್ಮ ಅಣ್ಣನಿಗೆ ಆದಂತೆ, ನೀರು ಬಂದ ಹೊತ್ತು. ಸಂತೋಷದ ಭರದಲ್ಲಿ ಯಾರೂ ಜಾಕ್ ನೋಡುವುದಿಲ್ಲ. ಕೆಲಸ ಶುರುವಾಗುವ ಮುಂಚೆಯೇ ಬೋರಿನ ಬಾಯಿಯಿಂದ ಇಳಿಜಾರಿನ ಕಡೆಗೆ ಒಂದು ಕಾಲುವೆ ತೋಡಿ, ನೀರೂ ಕೆಸರೂ ಜಾಕಿನ ಬುಡಕ್ಕೆ ಹೋಗದಂತೆ ಬದು ಹಾಕಿಡಿ. ಅರ್ಧ ಗಂಟೆಯ ಸಲಿಕೆ ಕೆಲಸ.

ಇದೆಲ್ಲದರ ಮೇಲೂ ಜಾಕ್ ಕುಸಿದರೆ? ರಾಡುಗಳನ್ನು ಪೂರ್ತಿ ಹೊರಗೆ ತೆಗೆಸಿ, ಹಾಸು ಸರಿಪಡಿಸಿ, ರಸಮಟ್ಟ ಹಿಡಿದು, ಮತ್ತೆ ಇಳಿಸಬೇಕು. ಕೊರೆದ ತೂತಿಗೆ ರಾಡು ಮತ್ತೆ ಸಲೀಸಾಗಿ ಇಳಿದರೆ ಸರಿ. ಉಜ್ಜಿಕೊಂಡು ಇಳಿದರೆ ಬೋರು ಆಗಲೇ ಓರೆಯಾಗಿದೆ ಎಂದರ್ಥ. ಮೂವತ್ತು ನಲವತ್ತು ಫೀಟಿನೊಳಗೆ ಹೀಗಾದರೆ ಆ ತೂತು ಬಿಟ್ಟು ಪಕ್ಕದಲ್ಲಿ ಹೊಸದು ಹಾಕುವುದೇ ಕಡಿಮೆ ನಷ್ಟ. ಈ ಮಾತನ್ನು ಗಾಡಿ ಬರುವ ಮುಂಚೆಯೇ ಏಜೆಂಟನ ಹತ್ತಿರ ಮಾತಾಡಿಕೊಳ್ಳಿ, ಆಮೇಲೆ ಯಾರೂ ಒಪ್ಪುವುದಿಲ್ಲ. 2002ರ ವಾಲ್ಟಾ ಕಾಯ್ದೆ ಪ್ರಕಾರ ಬೋರ್ ಗಾಡಿಗಳು ನೋಂದಣಿಯಾಗಿರಬೇಕು. ನೋಂದಣಿ ಕಾಗದ ಕೇಳಿ ಗಾಡಿ ಕರೆಸಿದರೆ ಮುಂದೆ ತಕರಾರು ಬಂದಾಗ ಹಿಡಿಯಲು ಒಂದು ಎಳೆ ಇರುತ್ತದೆ.

ಕೆಲಸ ಅರ್ಧಕ್ಕೆ ನಿಂತು ಗಾಡಿ ರಾತ್ರಿಯಿಡೀ ಹೊಲದಲ್ಲೇ ಉಳಿದರೆ ಬೆಳಿಗ್ಗೆ ಮತ್ತೆ ಮಟ್ಟ ನೋಡಲೇಬೇಕು. ಆಯಿಲ್ ತಣ್ಣಗಾದಾಗ ಕುಗ್ಗುತ್ತದೆ, ಒಂದು ಡಿಗ್ರಿಗೆ ಹತ್ತು ಸಾವಿರದಲ್ಲಿ ಸುಮಾರು ಏಳು ಪಾಲು. ಅರ್ಧ ಮೀಟರ್ ಇಳಿದ ಜಾಕಿನಲ್ಲಿನ ಆಯಿಲ್ 20 ಡಿಗ್ರಿ ತಣ್ಣಗಾದರೆ ಏಳು ಮಿಲಿಮೀಟರ್ ಕುಗ್ಗಿತು. ಮೇಲೆ ಹೇಳಿದ ಎಂಟು ಮಿಲಿಮೀಟರ್ ನೆನಪಿದೆಯಲ್ಲ? ಹೆಚ್ಚು ಇಳಿದ ಜಾಕ್ ಹೆಚ್ಚು ಕುಗ್ಗುವುದರಿಂದ ಗಾಡಿ ಇಳಿಜಾರಿನ ಕಡೆಗೇ ವಾಲುತ್ತದೆ. ಇದು ಜಾಕಿನ ದೋಷವಲ್ಲ, ಎಣ್ಣೆಯ ಗುಣ.

ಗಾಡಿಯ ಹುಡುಗರಿಗೆ

ಜಾಕಿನ ಹೊಳೆಯುವ ದಂಡವೇ ಅದರ ಜೀವ. ಕೆಸರು ಒಣಗಿದ ದಂಡವನ್ನು ಹಾಗೆಯೇ ಒಳಗೆ ಎಳೆದರೆ ಮರಳಿನ ಕಣ ಸೀಲನ್ನು ಕೊಯ್ಯುತ್ತದೆ, ದಂಡದ ಮೇಲೆ ಗೀರು ಬೀಳುತ್ತದೆ. ಮುಂದೆ ಅಲ್ಲಿಂದಲೇ ಆಯಿಲ್ ಸೋರುತ್ತದೆ. ಮೇಲೆತ್ತುವ ಮುಂಚೆ ನೀರು ಹಾಕಿ ತೊಳೆದು ಬಟ್ಟೆಯಿಂದ ಒರೆಸಿ. ಗ್ರೀಸ್ ಬಳಿಯಬೇಡಿ, ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಆಯಿಲ್ ಮಟ್ಟ ನೋಡುವುದು ಜಾಕ್‌ಗಳು ಮೇಲೆ ಹೋಗಿ, ಕಂಬ ಮಲಗಿದ ಮೇಲೆ. ಅವು ಹೊರಗಿರುವಾಗ ಟ್ಯಾಂಕ್ ಕಡಿಮೆ ತೋರಿಸುತ್ತದೆ. ಆಗ ತುಂಬಿಸಿದರೆ ಎಲ್ಲ ಮಡಚಿದ ಮೇಲೆ ಉಕ್ಕಿ ಹರಿಯುತ್ತದೆ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ನೊರೆ ಬಂದಿದ್ದರೆ ಗಾಳಿ ಎಳೆಯುತ್ತಿದೆ, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಹೆಚ್ಚು ಕಾದಿದೆ. ಯಾವುದು ಸಿಕ್ಕಿತೋ ಅದನ್ನು ಬೆರೆಸದೆ ಗಾಡಿಯ ಕಂಪನಿ ಹೇಳಿದ ದರ್ಜೆಯದ್ದೇ ಹಾಕಬೇಕು. ಡಬ್ಬಿಯ ಬಾಯಿ, ಲಾಳಿಕೆ ಶುಚಿಯಾಗಿರಲಿ. ವಾಲ್ವಿನೊಳಗೆ ಒಂದು ಕಸ ಸಿಕ್ಕಿದರೂ ಅದು ಪೂರ್ತಿ ಮುಚ್ಚದೆ ಜಾಕ್ ಕುಸಿಯತೊಡಗುತ್ತದೆ. ಸೋರಿಕೆಯ ಅನುಮಾನವಿದ್ದರೆ ದಂಡದ ಮೇಲೆ ಪೆನ್ನಿನಿಂದ ಗುರುತು ಹಾಕಿ. ಒಂದು ಗಂಟೆ ಬಿಟ್ಟು ನೋಡಿದಾಗ ಒಂದು ಜಾಕಿನ ಗುರುತು ಮಾತ್ರ ಸರಿದಿದ್ದರೆ ದೋಷ ಅಲ್ಲಿದೆ.

ಇನ್ನು ಪ್ರಾಣದ ಮಾತು. ಹೋಸಿನಲ್ಲಿ ಸೂಜಿ ತೂತು ಬಿದ್ದು ಆಯಿಲ್ ಮಂಜಿನಂತೆ ಚಿಮ್ಮುತ್ತಿದ್ದರೆ ಕೈಯಿಂದ ಮುಟ್ಟಿ ಹುಡುಕಲೇಬಾರದು. ಆ ಒತ್ತಡದ ಎಣ್ಣೆ ಚರ್ಮದೊಳಗೆ ಇಂಜೆಕ್ಷನ್ನಿನಂತೆ ನುಗ್ಗುತ್ತದೆ. ಮೊದಲಿಗೆ ಸೊಳ್ಳೆ ಕಚ್ಚಿದಷ್ಟೇ ಗಾಯ, ನೋವೂ ಹೆಚ್ಚಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸ ಸತ್ತು ಬೆರಳನ್ನೋ ಕೈಯನ್ನೋ ತೆಗೆಯಬೇಕಾಗಿ ಬರಬಹುದು. ಅರಿಶಿನ ಹಚ್ಚಿ ಕೂರದೆ ತಕ್ಷಣ ಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ" ಎಂದೇ ಹೇಳಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು. ಭಾರ ಹೊತ್ತ ಜಾಕಿನ ಪೈಪಿನ ನಟ್ಟು ಬಿಚ್ಚುವುದೂ ಅಷ್ಟೇ ಅಪಾಯ. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ, ಬೇರೆ ಗಟ್ಟಿ ಆಧಾರ ಕೊಡದೆ, ಯಾರೇ ಹೇಳಿದರೂ ನುಸುಳಬೇಡಿ. ಇದು ಹೊಲಗಳಲ್ಲಿ ಕೆಲಸ ಮಾಡುವ ಜೆಸಿಬಿಗಳ ಹಿಂಗಾಲಿಗೂ, ಕಬ್ಬಿನ ಟ್ರ್ಯಾಲಿಯ ಎತ್ತುವ ಜಾಕಿಗೂ ಹೊಂದುತ್ತದೆ.

ಹೊರಡುವ ಮುಂಚೆ ಹೆಲ್ಪರ್ ಒಬ್ಬ ಗಾಡಿಯ ಸುತ್ತ ಒಂದು ಸುತ್ತು ಬಂದು ನಾಲ್ಕೂ ಜಾಕ್ ಪೂರ್ತಿ ಮೇಲೆ ಹೋಗಿವೆಯೇ, ಪಿನ್ ಹಾಕಿದೆಯೇ ನೋಡಬೇಕು. ದಾರಿಯಲ್ಲಿ ಒಂದು ಕಾಲು ತಾನಾಗಿ ಜಾರಿ ರಸ್ತೆಯ ಉಬ್ಬಿಗೆ ಬಡಿದರೆ ದಂಡ ಬಾಗುತ್ತದೆ. ಬಾಗಿದ ದಂಡ ಮತ್ತೆ ಒಳಗೆ ಹೋಗದು.

ರೈತರ ಪಾಲಿಗೆ ಕೊನೆಯ ಕೆಲಸವೊಂದು ಉಳಿಯುತ್ತದೆ. ಬೋರಿನ ಬಾಯಿಗೆ ಗಟ್ಟಿ ಮುಚ್ಚಳ ಹಾಕಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಅದು ಗಾಡಿ ಹೊಲ ಬಿಡುವ ಮುಂಚೆಯೇ ಆಗಬೇಕು. ಅದರ ಜೊತೆಗೆ ಹಿಂದಿನ ಎರಡು ಜಾಕ್ ಊರಿದ ಗುಂಡಿಗಳನ್ನೂ ನೋಡಿ. ಬೋರಿನ ಬಾಯಿಗೆ ನಾಲ್ಕೈದು ಅಡಿ ಹತ್ತಿರದಲ್ಲೇ ಇರುವ ಆ ಗುಂಡಿಗಳಲ್ಲಿ ಮಳೆ ನೀರು, ದನದ ಗಂಜಲ ನಿಂತು ಕೇಸಿಂಗಿನ ಹೊರಮೈ ಹಿಡಿದು ಒಳಗೆ ಇಳಿಯುತ್ತದೆ. ಮಣ್ಣು ತುಂಬಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು ಸುತ್ತಲ ನೆಲಕ್ಕಿಂತ ಒಂದು ಗೇಣು ಎತ್ತರ ಮಾಡಿಬಿಡಿ. ಒಂದು ಮಳೆಗಾಲ ಕಳೆದ ಮೇಲೆ ಅದು ತಾನೇ ಸಮಕ್ಕೆ ಕೂರುತ್ತದೆ.